ಒರೆಸುವ ಬಟ್ಟೆ

ಈಗಲೂ ಎಲ್ಲಾದರೂ ಪೌಡರಿನ ವಾಸನೆ ಬಂದರೆ ಸಾಕು, ವಾರಿಜಾ ಮುದ್ದಯ್ಯ ಮೇಷ್ಟ್ರ ನೆನಪಾಗಿ ಥಟ್ಟನೆ ಹಿಂತಿರುಗಿ ನೋಡುತ್ತಾಳೆ. ಮದುವೆಮನೆಯಾದರೂ ಸರಿ, ಬಸ್ಸಾದರೂ ಸರಿ. ಪಕ್ಕದಲ್ಲಿದ್ದವರು "ಏನಾಯ್ತ್ರೀ?" ಅನ್ನುತ್ತಾರೆ. ಏನಂತ ಹೇಳೋದು, ಹೇಳಿ!

ಊರಾಚೆ ಒಂದು ಹಳೇ ವಿಮಾನ ಮೈದಾನ. ಅದರಂಚಿಗೆ ತಗಡಿನ ಶೆಡ್ಡು. ವಿಮಾನ ರಿಪೇರಿ ಕಲಿಯುವವರಿಗೆ ಅದೇ ಆಶ್ರಮ, ಮುದ್ದಯ್ಯನವರೇ ಗುರು.

ಅಲ್ಲಿ ಶಿಷ್ಯರಾದವರು ಎಂಜಿನ್ ಒರೆಸಿ ಫಳಫಳ ಹೊಳೆಯುವಂತೆ ಇಡಬೇಕು. ರಿಪೇರಿ ಸರಿಯಾಗಿದೆ ಎಂದು ರುಜು ಹಾಕಿದವರು ಮೊದಲ ಹಾರಾಟದಲ್ಲಿ ಪೈಲಟ್ ಪಕ್ಕ ಕೂರಬೇಕು. ರುಜು ಯಾವಾಗಲೂ ಮೇಷ್ಟ್ರದ್ದೇ, ಹಾಗಾಗಿ ಕೂರುವವರೂ ಅವರೇ.

ಆ ವರ್ಷ ಎರಡು ಸೀಟಿನ ಪುಟ್ಟ ವಿಮಾನವೊಂದಕ್ಕೆ ಸೋರುವ ರೋಗ ಹಿಡಿಯಿತು. ಪೆಟ್ರೋಲ್ ಪಂಪಿನ ಕೆಳಗೆ ತೇವ, ನೀಲಿ ಕಲೆ. ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಅದು ಬಿಸಿ ಎಂಜಿನ್ನಿನ ಮೇಲೆ ಬಿದ್ದು ಹೊತ್ತಿಕೊಂಡರೆ ಮುಗಿಯಿತು ಕಥೆ.

"ನೀನೇ ನೋಡಮ್ಮಾ," ಎಂದರು ಮೇಷ್ಟ್ರು, ಅಲ್ಲಿ ಕಲಿಯುತ್ತಿದ್ದ ವಾರಿಜಾಗೆ. "ನಿನ್ನ ಮಾತಿನ ಮೇಲೆ ನಾನು ರುಜು ಹಾಕ್ತೀನಿ."

ವಾರಿಜಾ ಹಿಗ್ಗಿ ಹೀರೇಕಾಯಿಯಾದಳು. ಪಂಪ್ ಬಿಚ್ಚಿ ಹೊಸದು ಹಾಕಿದಳು. ಎಂಜಿನ್ ಓಡಿಸಿದಳು. ಮತ್ತೆ ತೇವ. ನಟ್ಟು ಬಿಗಿದಳು. ಮತ್ತೆ ತೇವ. ಹಳೇ ತೇವವೇ ಉಳಿದಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಚೆನ್ನಾಗಿ ಒರೆಸಿಟ್ಟಳು.

ಬೆಳಿಗ್ಗೆ ಮೇಷ್ಟ್ರು ಬಂದು ಬಗ್ಗಿ ನೋಡಿದರು. ಒಂದು ಹನಿ ಇಲ್ಲ.

"ಸರಿಯಾಯ್ತಾ?"

"ಆಯ್ತು, ಸರ್."

ಅವರು ರುಜು ಹಾಕಿ, ಟೋಪಿ ತಲೆಗಿಟ್ಟು ಹೊರಟರು. ಪೈಲಟ್ ಆಗಲೇ ಕೂತಿದ್ದ. ಮೇಷ್ಟ್ರ ಒಂದು ಕಾಲು ರೆಕ್ಕೆಯ ಮೇಲಿತ್ತು. ವಾರಿಜಾ ಓಡಿ ಬಂದಳು.

"ಸರ್, ಹತ್ತಬೇಡಿ!"

ಮೇಷ್ಟ್ರು ಕಾಲಿಳಿಸಿದರು.

"ಇನ್ನೂ ಸೋರ್ತಿದೆ ಸರ್. ನಾನು ಒರೆಸಿಟ್ಟೆ." ಅಳು ಬಂದೇಬಿಟ್ಟಿತು.

ಬೈದಿದ್ದರೆ ವಾಸಿಯಿತ್ತು. ಮೇಷ್ಟ್ರು ಅವಳ ಕೈಯಿಂದ ಒರೆಸುವ ಬಟ್ಟೆ ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು.

"ಎಲ್ಲಿಂದ ಸೋರ್ತಿದೆ?"

"ಪಂಪಿಂದ."

"ನೋಡಿದೆಯಾ?"

"ಕೆಳಗೆ ತೇವ ಇತ್ತಲ್ಲ ಸರ್."

"ತೇವ ಎಲ್ಲಿದೆ ಅಂತ ನಾನು ಕೇಳಲಿಲ್ಲ."

ಒಳಗೆ ಹೋಗಿ ಪೌಡರ್ ಡಬ್ಬಿ ತಂದರು. ದಿನಾ ಕ್ಷೌರವಾದ ಮೇಲೆ ಕೆನ್ನೆಗೆ ಬಳಿದುಕೊಳ್ಳುತ್ತಿದ್ದ ಅದೇ ಪೌಡರು! ಸ್ನಾನ ಮಾಡಿಸಿದ ಮಗುವಿಗೆ ಹಾಕುವಂತೆ ಪಂಪಿಗೂ ಪೈಪುಗಳಿಗೂ ಉದುರಿಸಿದರು. ಎಂಜಿನ್ ಹಚ್ಚದೆ, ಬರೀ ಒಳಗಿನ ಸ್ವಿಚ್ ಒತ್ತಿ ಪೈಪುಗಳಿಗೆ ಪೆಟ್ರೋಲ್ ಏರಿಸಿದರು.

"ಈಗೇನು ಮಾಡ್ಲಿ ಸರ್?"

"ಕೂತ್ಕೋ."

"ಏನೂ ಮಾಡಬಾರದಾ?"

"ಅದೇ ಕಷ್ಟ ಅಲ್ವಾ?" ಎಂದು ನಕ್ಕರು.

ಇಬ್ಬರೂ ಖಾಲಿ ಡಬ್ಬಗಳ ಮೇಲೆ ಕೂತರು. ಹುಲ್ಲಿನಲ್ಲಿ ಟಿಟ್ಟಿಭ ಹಕ್ಕಿ ಕೂಗುತ್ತಿತ್ತು. ಎಷ್ಟು ಹೊತ್ತು ಹೋಯಿತೋ ಏನೋ. ಆ ಹೊತ್ತು ಇನ್ನೊಮ್ಮೆ ಬರಬಾರದೇ ಎಂದು ವಾರಿಜಾಗೆ ಇವತ್ತಿಗೂ ಅನಿಸುತ್ತದೆ.

ಬಿಳಿಯ ನಡುವೆ ನೀಲಿ ಮೂಡಿತು. ಪಂಪಿನಿಂದ ಗೇಣುದ್ದ ಮೇಲೆ, ಪೈಪಿನ ಬೆನ್ನಿಗೆ, ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಪೆಟ್ರೋಲ್ ಹಿಂಬದಿಯಲ್ಲೇ ಜಾರಿಕೊಂಡು ಬಂದು ಪಂಪಿನ ಕೆಳಗೆ ಹನಿಯುತ್ತಿತ್ತು.

"ಅಯ್ಯೋ, ಪಾಪದ ಪಂಪು!" ಎಂದಳು ವಾರಿಜಾ.

ಹೊಸ ಪೈಪ್ ಹಾಕಿದಳು. ಮತ್ತೆ ಪೌಡರು, ಮತ್ತೆ ಸ್ವಿಚ್ಚು. ಎಂಜಿನ್ನನ್ನೂ ಓಡಿಸಿ ನೋಡಿದ್ದಾಯಿತು. ಮಧ್ಯಾಹ್ನ ಕಳೆದರೂ ಬಿಳಿ ಬಿಳಿಯಾಗಿಯೇ ಇತ್ತು.

"ಈಗ ಸರಿಯಾಗಿದೆ, ಸರ್. ಕೂತು ನೋಡಿದೀನಿ."

ಮೇಷ್ಟ್ರು ಬೆಳಗಿನ ತಮ್ಮ ರುಜುವಿಗೆ ಅಡ್ಡಗೆರೆ ಎಳೆದು ಪೆನ್ನನ್ನು ಅವಳತ್ತ ಹಿಡಿದರು. ಆಮೇಲೆ ತಮ್ಮ ಟೋಪಿ ತೆಗೆದು ಅವಳ ತಲೆಗಿಟ್ಟರು. ಅದು ಕಿವಿಯವರೆಗೂ ಇಳಿಯಿತು.

ವಾರಿಜಾ ರುಜು ಹಾಕಿದಳು. ಪೌಡರ್ ಮೆತ್ತಿಕೊಂಡ ಎಂಜಿನ್ ನೋಡಿದಾಗ ಹಳೇ ಅಭ್ಯಾಸ ಅವಳನ್ನು ಬಿಡಲಿಲ್ಲ.

"ಸರ್, ಹತ್ತೋಕೆ ಮುಂಚೆ ಒರೆಸಿಬಿಡ್ತೀನಿ. ಆ ಬಟ್ಟೆ ಕೊಡಿ."

ಮೇಷ್ಟ್ರು ಜೇಬಿನ ಮೇಲೆ ಕೈಯಿಟ್ಟುಕೊಂಡರು.

"ನೀನು ಹಾರಿ ಬಾ, ಮಗಳೇ. ಬಂದ ಮೇಲೆ ಇಬ್ಬರೂ ನೋಡೋಣ. ಇವತ್ತು ಒರೆಸೋದು ನಾನು."