ಜಗುಲಿಯ ಮೇಲೆ ಕೂತವನು

"ಗುರುಗಳೇ, ನಾನು ಬಿಟ್ಟು ಬಂದ ಜಾಗ ಊರಲ್ಲಿ ನನಗಾಗಿ ಖಾಲಿಯೇ ಇರುತ್ತದೆಯೇ?" ಎಂದು ಗುರುಪಾದ ಕೇಳಿದ.

ಮಠಕ್ಕೆ ಬಂದ ದಿನ ಉಟ್ಟಿದ್ದ ಪಂಚೆಯನ್ನು ಹರಿದು ಅವನು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ. ಊರಲ್ಲಿ ಅವನಿಗೊಂದು ಮನೆಯಿತ್ತು, ಮನೆಯಲ್ಲಿ ಜನರಿದ್ದರು. ಬೇಕೆಂದಾಗ ಹೋದರಾಯಿತು ಎಂದುಕೊಂಡೇ ಅವನು ಇಷ್ಟು ಕಾಲ ನೆಮ್ಮದಿಯಿಂದ ಇದ್ದ.

ಗುರುಗಳು ಅವನ ಕೈಯಲ್ಲಿದ್ದ ಬಟ್ಟೆಯ ತುಂಡನ್ನು ನೋಡಿದರು. ಆಮೇಲೆ ಒಂದು ಕತೆ ಹೇಳತೊಡಗಿದರು.

ಒಬ್ಬ ಹಗ್ಗ ಹೊಸೆಯುವವನಿದ್ದ. ಊರಿನ ಕೊನೆಯ ಮನೆ ಅವನದು. ಅದರಾಚೆಗೆ ಬೇಲಿ, ಬೇಲಿಯಾಚೆಗೆ ದಾರಿ. ಕತ್ತಾಳೆ ನಾರಿನಿಂದ ಬಾವಿಯ ಹಗ್ಗ, ದನದ ಕಣ್ಣಿ ಮಾಡಿ ಕೊಡುತ್ತಿದ್ದ. ಕೆಲಸಗಾರನೇನೋ ಒಳ್ಳೆಯವನೇ. ಆದರೆ ಕೂತಲ್ಲಿ ಕೂರುವ ಮನುಷ್ಯನಲ್ಲ. ಕೈ ನಾರಿನ ಮೇಲಿದ್ದರೂ ಕಣ್ಣು ದಾರಿಯ ಮೇಲಿರುತ್ತಿತ್ತು.

ಒಮ್ಮೆ ಆ ದಾರಿಯಲ್ಲಿ ಯಾತ್ರೆಯ ಜನ ಬಂದರು. ಅವನ ಜಗುಲಿಯ ಮೇಲೆ ಕೂತು ನೀರು ಕುಡಿದರು, ತಾವು ನೋಡಿದ ಊರುಗಳ ಮಾತಾಡಿದರು. ಅವರು ಎದ್ದು ಹೊರಟಾಗ ಇವನೂ ಎದ್ದ.

ಆಗ ಅವನ ಮಗಳು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಹೆಂಡತಿ ಬಾಗಿಲಲ್ಲಿ ನಿಂತು, "ಎಷ್ಟು ದಿನಕ್ಕೆ ಬರ್ತೀರಿ?" ಎಂದು ಕೇಳಿದಳು.

"ಹುಣಸೆ ಬಡಿಯೋ ಹೊತ್ತಿಗೆ ಬಂದುಬಿಡ್ತೀನಿ."

"ಹೊತ್ತು ಮುಳುಗಿದ ಮೇಲೆ ಯಾರಾದರೂ ಬಂದು ಬೇಲಿ ಹತ್ತಿರ ನಿಂತರೆ ಏನು ಮಾಡಲಿ?"

ಅವನು ನಕ್ಕ. "ಗಂಡ ಮನೇಲಿದ್ದಾನೆ ಅಂತ ಹೇಳು" ಎಂದು ಹೇಳಿ ಹೊರಟ.

ಹುಣಸೆ ಹಣ್ಣಾಯಿತು, ಉದುರಿತು. ಮತ್ತೆ ಹೂ ಬಿಟ್ಟಿತು. ಅವನು ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಡೆಯುತ್ತಲೇ ಇದ್ದ. ಜೊತೆಗಿದ್ದವರಿಗೆಲ್ಲ ಅವನೆಂದರೆ ಇಷ್ಟ. ಹರಿದ ಜೋಳಿಗೆಗೆ ಹೆಣಿಗೆ ಹಾಕುವನು, ದಣಿದವರ ಗಂಟು ಹೊರುವನು, ಕೇಳಿದವರಿಗೆ ತನ್ನ ಮನೆಯ ವಿಷಯ ಹೇಳುವನು. ಜಗುಲಿ ಹೀಗಿದೆ, ಕಂಬ ಹೀಗಿದೆ, ನಾನು ಸಂಜೆ ಕಂಬಳಿ ಹೊದ್ದು ಅಲ್ಲೇ ಒರಗಿ ಕೂರುತ್ತೇನೆ ಎಂದು ಹೇಳುವನು. ಕೂರುತ್ತಿದ್ದೆ ಎಂದು ಅವನು ಒಮ್ಮೆಯೂ ಹೇಳಲಿಲ್ಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಒಡವೆಯಂತೆ ಮನೆ ಇದ್ದಲ್ಲೇ ಇದೆ ಎಂಬುದು ಅವನ ನಂಬಿಕೆ. ಅಷ್ಟು ವರ್ಷ ಅವನಿಗೆ ಒಳ್ಳೆಯ ನಿದ್ದೆ ಬಂತು.

ಕಾಲು ಸೋತ ಮೇಲೆ ಅವನು ಊರಿಗೆ ತಿರುಗಿದ. ಗಡ್ಡ ಬಿಟ್ಟಿತ್ತು, ಮೈ ಇಳಿದಿತ್ತು. ಊರು ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಬೇಲಿಯ ಹತ್ತಿರ ಬಂದವನು ಅಲ್ಲೇ ನಿಂತ.

ಅವನ ಜಗುಲಿಯ ಮೇಲೆ, ಅವನ ಕಂಬಕ್ಕೆ ಒರಗಿ, ಅವನ ಕಂಬಳಿ ಹೊದ್ದು ಒಬ್ಬ ಗಂಡಸು ಕೂತಿದ್ದ.

ದಾರಿಯಲ್ಲಿ ಪಕ್ಕದ ಮನೆಯ ಮುದುಕ ದನ ಹೊಡೆದುಕೊಂಡು ಬಂದ. ಬೇಲಿಯಲ್ಲಿ ನಿಂತವನತ್ತ ಅವನು ನೋಡಲಿಲ್ಲ. ಜಗುಲಿಯತ್ತ ತಿರುಗಿ, "ಏನಪ್ಪಾ, ಕೂತಿದ್ದೀಯಾ?" ಎಂದು ಕೂಗಿ, ಉತ್ತರಕ್ಕೂ ಕಾಯದೆ ಮುಂದೆ ಹೋದ.

ಒಳಗಿನಿಂದ ಒಬ್ಬ ಹುಡುಗಿ ಬಂದಳು. ಆ ಗಂಡಸಿನ ತೋಳಿಗೆ ತಲೆ ಒರಗಿಸಿ ಕೂತಳು. "ಅಪ್ಪಾ, ಇವತ್ತು ಕರಿ ಕೋಳಿ ಬೇಲಿ ಸಂದೀಲಿ ಮೊಟ್ಟೆ ಇಟ್ಟಿತ್ತು. ನಾನೇ ಹುಡುಕಿದೆ" ಎಂದಳು. ಅವನು ಅವಳ ತಲೆ ಸವರಲಿಲ್ಲ, ಹೂಂಗುಟ್ಟಲೂ ಇಲ್ಲ. ಅವಳು ಅದಕ್ಕೆ ಬೇಸರಪಟ್ಟಂತೆ ಕಾಣಲಿಲ್ಲ. ಬಹಳ ಹೊತ್ತು ಮಾತಾಡುತ್ತ ಕೂತಳು.

ಆಮೇಲೆ ಹೆಂಡತಿ ದೀಪ ಹಿಡಿದು ಬಂದಳು. ಒಂದು ಚೊಂಬು ನೀರನ್ನು ಅವನ ಪಕ್ಕದಲ್ಲಿಟ್ಟಳು. ಜಾರಿದ್ದ ಕಂಬಳಿಯನ್ನು ಭುಜದ ಮೇಲೆ ಎಳೆದು ಸರಿಮಾಡಿದಳು. ಹಿಂದೆ ದಿನವೂ ಸಂಜೆ ಅವಳು ತನ್ನ ಗಂಡನ ಭುಜಕ್ಕೆ ಮಾಡುತ್ತಿದ್ದುದು ಅದನ್ನೇ.

ಬೇಲಿಯಲ್ಲಿ ನಿಂತವನು ಇದನ್ನೆಲ್ಲ ನೋಡಿದ. ಒಳಗೆ ಹೋಗದೆ ಹಿಂದಕ್ಕೆ ತಿರುಗಿದ. ಊರ ಹೊರಗಿನ ಮಂಟಪದಲ್ಲಿ ಬಿದ್ದುಕೊಂಡಿದ್ದು, ಬೆಳಕು ಹರಿದ ಕೂಡಲೇ ಒಂದು ಕೋಲು ಹಿಡಿದು ಬಂದ. ಆ ಗಂಡಸು ಇನ್ನೂ ಹಾಗೆಯೇ ಕೂತಿದ್ದ. ಇವನು ಅವನ ಕಂಬಳಿ ಹಿಡಿದು ಎಳೆದ.

ಒಳಗೆ ಮನುಷ್ಯನಿರಲಿಲ್ಲ.

ತಳ ತೂತಾದ ಮಡಕೆಯೊಂದು ತಲೆಯಾಗಿತ್ತು. ಮಸಿ ಹಚ್ಚಿದ ಕತ್ತಾಳೆ ನಾರು ಕೂದಲಾಗಿತ್ತು. ಅವನದೇ ಹಳೆಯ ಅಂಗಿಗೆ ಹುಲ್ಲು ತುಂಬಿತ್ತು. ಮುರಿದ ಮೊರದ ಬಿದಿರು ಸೀಳುಗಳು ಬೆರಳಾಗಿದ್ದವು, ತೆಂಗಿನ ಚಿಪ್ಪುಗಳು ಮೊಣಕಾಲಾಗಿದ್ದವು. ಮಡಕೆಗೆ ಎರಡು ಅಂಟುವಾಳದ ಬೀಜ ಅಂಟಿಸಿದ್ದರು. ಅವು ಕಪ್ಪಗೆ ಮಿನುಗುತ್ತ ಅವನನ್ನು ನೋಡುತ್ತಿದ್ದವು.

ಅವನಿಗೆ ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ಸದ್ದಿಗೆ ಹೆಂಡತಿ ಹೊರಗೆ ಬಂದು ನೋಡಿದಳು, ಗುರುತು ಹಿಡಿದಳು. ಅವಳು ಅಳಲಿಲ್ಲ, ಬೈಯಲಿಲ್ಲ.

"ಬಂದಿರಾ" ಎಂದಳು. ಕಾಲಿಗೆ ನೀರು ಕೊಟ್ಟಳು.

"ಇದೇನಿದು?" ಎಂದು ಅವನು ಬೊಂಬೆಯನ್ನು ತೋರಿಸಿದ.

"ನೀವೇ ಹೇಳಿದ್ದಿರಲ್ಲ, ಗಂಡ ಮನೇಲಿದ್ದಾನೆ ಅಂತ ಹೇಳು ಅಂತ. ಬೇಲಿ ಹತ್ತಿರ ಒಬ್ಬ ದಿನಾ ಬಂದು ನಿಲ್ಲುತ್ತಿದ್ದ. ಬರೀ ಬಾಯಲ್ಲಿ ಹೇಳಿದರೆ ಅವನು ನಂಬಲಿಲ್ಲ. ಮನೇಲಿ ಬೇಡದ್ದು ಏನೇನಿತ್ತೋ ಅದರಲ್ಲಿ ಮಾಡಿ ಕೂರಿಸಿದೆ. ಮಾರನೇ ದಿನ ಬಂದ, ನೋಡಿದ, ಹೋದ. ಮತ್ತೆ ಬರಲಿಲ್ಲ."

ಅವಳು ಕಂಬಳಿಯನ್ನು ಅವನ ಕೈಯಿಂದ ತೆಗೆದುಕೊಂಡು ಬೊಂಬೆಗೆ ಮತ್ತೆ ಹೊದಿಸಿ ಒಳಗೆ ಹೋದಳು.

ಅವನು ಮನೆ ಸೇರಿಕೊಂಡ. ಗಡ್ಡ ತೆಗೆಸಿದ, ನಾರು ತಂದ, ಹಗ್ಗ ಹೊಸೆದ. ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿತ್ತು. ಹೆಂಡತಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆದರೆ ತಟ್ಟೆ ಹಾಕುವಾಗ ಮೊದಲು ಜಗುಲಿಯ ಕಡೆಗೊಮ್ಮೆ ನೋಡುತ್ತಿದ್ದಳು. ಗುಡುಗಿದರೆ ಮಗಳು ಓಡಿಹೋಗಿ ಬೊಂಬೆಯ ಕಂಬಳಿಯೊಳಗೆ ಸೇರುತ್ತಿದ್ದಳು. ಅವನು ಕರೆದರೆ ಬಾಗಿಲಲ್ಲಿ ನಿಂತು, "ಏನು?" ಎಂದು ಕೇಳುತ್ತಿದ್ದಳು. ಅಷ್ಟೇ.

ಒಂದು ಸಂಜೆ ಅವನು ಬೊಂಬೆಯ ಪಕ್ಕದಲ್ಲೇ ಹೋಗಿ ಕೂತ. ಪಕ್ಕದ ಮನೆಯ ಮುದುಕ ದನ ಹೊಡೆದುಕೊಂಡು ಬಂದ.

"ಏನಪ್ಪಾ, ಮನೆಗೆ ನೆಂಟರು ಬಂದಿದ್ದಾರಾ?" ಎಂದು ಕೇಳಿದ. ಕೇಳಿದ್ದು ಬೊಂಬೆಯನ್ನು.

"ಅದು ಹುಲ್ಲು! ಮನೆಯವನು ನಾನು!" ಎಂದು ಇವನು ಕೂಗಿದ.

"ಹುಲ್ಲು ಅಂತ ಊರಿಗೆಲ್ಲ ಗೊತ್ತು" ಎಂದ ಮುದುಕ. ಮತ್ತೆ ಬೊಂಬೆಗೆ ಕೈಯೆತ್ತಿ ಹೋದ.

ಇದನ್ನು ತೆಗೆದುಹಾಕು ಎಂದು ಅವನು ಹೆಂಡತಿಗೆ ಹೇಳಿದ. "ಆಗಲಿ" ಎಂದಳು. ತೆಗೆಯಲಿಲ್ಲ. ಮತ್ತೆ ಹೇಳಿದ. ಮತ್ತೆ "ಆಗಲಿ" ಎಂದಳು. ಕೊನೆಗೆ ಒಂದು ಮಧ್ಯಾಹ್ನ ಅವಳು ಬಾವಿಗೆ ಹೋದಾಗ ಅವನೇ ಕಂಬಳಿ ತೆಗೆದಿಟ್ಟು ಅದನ್ನು ಅಂಗಳಕ್ಕೆ ಎಳೆದು ತಂದ. ಒಬ್ಬ ಮನುಷ್ಯನಷ್ಟೇ ಭಾರವಿತ್ತು. ಹುಲ್ಲು ಇಷ್ಟು ಭಾರ ಹೇಗಾಯಿತು ಎಂದು ಅವನು ಅಂಗಿಯ ಹೊಲಿಗೆ ಬಿಚ್ಚಿ ನೋಡಿದ.

ಒಳಗೆ ಹುಲ್ಲು ಸ್ವಲ್ಪವೇ ಇತ್ತು. ಹುಲ್ಲು ಕೊಳೆತಾಗಲೆಲ್ಲ ಹೆಂಡತಿ ಆ ಜಾಗಕ್ಕೆ ಮನೆಯಲ್ಲಿ ಸವೆದುಹೋದದ್ದನ್ನು ತುರುಕುತ್ತ ಬಂದಿದ್ದಳು. ತೊಟ್ಟಿಲಿಗೆ ಕಟ್ಟಿದ್ದ ಬಟ್ಟೆ ಅಲ್ಲಿತ್ತು. ಮಗಳಿಗೆ ಚಿಕ್ಕದಾದ ಲಂಗಗಳು, ಒಂದಕ್ಕಿಂತ ಒಂದು ದೊಡ್ಡವು, ಅಲ್ಲಿದ್ದವು. ಯಾವುದೋ ಕಾಯಿಲೆಯಲ್ಲಿ ಮಗಳ ಹಣೆಗೆ ಕಟ್ಟಿದ್ದಿರಬೇಕು, ಔಷಧಿಯ ಕಲೆಯ ಪಟ್ಟಿಯೊಂದಿತ್ತು. ಯಾರೋ ಮುದುಕಿ ಉಟ್ಟಿದ್ದ ಬಿಳಿ ಸೀರೆಯ ತುಂಡಿತ್ತು. ಅವನ ಅತ್ತೆ ಬಂದಿದ್ದಳೋ, ಇಲ್ಲೇ ತೀರಿಕೊಂಡಳೋ, ಅವನಿಗೆ ಗೊತ್ತಿರಲಿಲ್ಲ. ಚಿಂದಿಯೊಂದರಲ್ಲಿ ಸುತ್ತಿಟ್ಟ ಹಾಲುಹಲ್ಲು ಸಿಕ್ಕಿತು. ಅವನು ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿದ. ಹೊರಗಿನ ಅಂಗಿ ಮಾತ್ರ ಅವನದು. ಒಳಗಿನ ಒಂದು ಚೂರೂ ಅವನಿಗೆ ಗುರುತು ಹತ್ತಲಿಲ್ಲ.

ಅವನಿಗೆ ಹೆದರಿಕೆಯಾಯಿತು. ಎಲ್ಲವನ್ನೂ ಮತ್ತೆ ಒಳಗೆ ತುರುಕಿ ಬೆಂಕಿ ಹಚ್ಚಿದ.

ಬೆಂಕಿ ನಿಧಾನವಾಗಿ ಹತ್ತಿತು. ಕೂದಲು ಸುಟ್ಟ ವಾಸನೆ ಬಂತು. ಆಮೇಲೆ ಮಡಕೆ ಒಡೆಯಿತು. ಆ ಸದ್ದು ಊರ ತುಂಬ ಕೇಳಿಸಿತು. ಪಕ್ಕದ ಮನೆಯ ಮುದುಕ ಹೊರಗೆ ಬಂದು, ಬೆಂಕಿಯನ್ನು ನೋಡಿ, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಅವನ ಹಿಂದೆ ಇನ್ನೂ ಕೆಲವರು ಬಂದು ನಿಂತರು. ಮಗಳು ಕಂಬವನ್ನು ಅಪ್ಪಿಕೊಂಡು ನೋಡುತ್ತಿದ್ದಳು.

ಹೆಂಡತಿ ಬಾವಿಯಿಂದ ಬಂದಳು. ಬಿಂದಿಗೆ ಇಳಿಸಿದಳು. ಬೂದಿಯಾಗುತ್ತಿದ್ದುದನ್ನು ನೋಡಿ ಒಳಗೆ ಹೋದಳು. ಮತ್ತೆ ಹೊರಗೆ ಬಂದಾಗ ಅವಳ ಹಣೆಯಲ್ಲಿ ಕುಂಕುಮವಿರಲಿಲ್ಲ. ಕೈಯಲ್ಲಿ ಬಳೆಯಿರಲಿಲ್ಲ.

"ಏನು ಮಾಡಿದೆ ನೀನು?" ಎಂದು ಅವನು ಚೀರಿದ. "ನಾನು ಬದುಕಿದ್ದೀನಿ! ನೋಡು, ಇಲ್ಲೇ ನಿಂತಿದ್ದೀನಿ!"

ಅವಳು ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ಹೌದು, ನೀವಿದ್ದೀರಿ. ಬನ್ನಿ, ಊಟಕ್ಕೆ ಹೊತ್ತಾಯಿತು" ಎಂದಳು.

ಅಂದಿನಿಂದ ಜಗುಲಿ ಬರಿದಾಯಿತು. ಮುದುಕ ಆ ಕಡೆ ನೋಡದೆ ದನ ಹೊಡೆದುಕೊಂಡು ಹೋಗತೊಡಗಿದ. ಮಗಳು ಒಳಗಿನ ಮೂಲೆ ಹಿಡಿದಳು. ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವನಿಗೆ ಎದ್ದು ಹೋಗಬೇಕೆನಿಸಿತು. ಆದರೆ ಹೋಗಲು ಈಗ ಯಾವ ಊರೂ ಉಳಿದಿರಲಿಲ್ಲ. ಮನೆಯಿದೆ ಎಂಬ ಧೈರ್ಯದ ಮೇಲೆ ಅವನು ಅಷ್ಟು ದಾರಿ ನಡೆದಿದ್ದ; ಆ ಧೈರ್ಯ ಈಗಿರಲಿಲ್ಲ.

ಒಂದು ಸಂಜೆ ದಣಿದು ಬಂದು ಕಂಬಳಿ ಹೊದ್ದು ಕಂಬಕ್ಕೆ ಒರಗಿದ. ಮೈ ಅಲುಗಿಸಲೂ ಶಕ್ತಿಯಿರಲಿಲ್ಲ. ಕಣ್ಣು ಅರೆ ತೆರೆದೇ ಇತ್ತು. ಸ್ವಲ್ಪ ಹೊತ್ತಿಗೆ ತೋಳಿಗೆ ಏನೋ ಬೆಚ್ಚಗೆ ತಾಗಿತು. ಮಗಳು ತಲೆ ಒರಗಿಸಿ ಕೂತಿದ್ದಳು.

"ಅಪ್ಪಾ, ಕರಿ ಕೋಳಿ ಕಾವಿಗೆ ಕೂತಿದೆ" ಎಂದಳು.

ಅವನು "ಮಗಳೇ" ಎಂದು ತಿರುಗಿದ. ಅವಳು ಬೆಚ್ಚಿ ಎದ್ದು ಒಳಗೆ ಓಡಿದಳು.

ಮಾರನೆಯ ಸಂಜೆ ಅವನು ಮತ್ತೆ ಹಾಗೆಯೇ ಕೂತ. ಅವಳು ಬಾಗಿಲ ಮರೆಯಿಂದ ಬಹಳ ಹೊತ್ತು ನೋಡಿದಳು. ಆಮೇಲೆ ಬಂದು ಒರಗಿದಳು. ಅವನು ತಿರುಗಲಿಲ್ಲ. ಅವಳು ಕೋಳಿಯ ಮಾತಾಡಿದಳು, ತನ್ನ ಕಾಲಿಗೆ ಚುಚ್ಚಿದ ಮುಳ್ಳಿನ ಮಾತಾಡಿದಳು. ಅವನು ಹೂಂಗುಟ್ಟಲಿಲ್ಲ. ಉಸಿರನ್ನು ಸಣ್ಣಗೆ, ಎದೆ ಏಳದಂತೆ ಬಿಡುವುದನ್ನು ಅವನು ಕೆಲವೇ ದಿನಗಳಲ್ಲಿ ಕಲಿತ. ನೊಣ ಕೂತರೂ ಕೈಯೆತ್ತದಿರುವುದನ್ನು ಕಲಿತ.

ದಾರಿಯಲ್ಲಿ ಮುದುಕ ನಿಂತ. ಜಗುಲಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿದ. ಅವನ ಮುಖ ಅರಳಿತು.

"ಏನಪ್ಪಾ, ಕೂತಿದ್ದೀಯಾ?" ಎಂದು ಕೂಗಿದ.

ಹಗ್ಗ ಹೊಸೆಯುವವನು ಉತ್ತರ ಕೊಡಲಿಲ್ಲ. ಮುದುಕ ಸಮಾಧಾನದಿಂದ ಮುಂದೆ ಹೋದ.

ಆಮೇಲೆ ಹೆಂಡತಿ ದೀಪ ಹಿಡಿದು ಬಂದಳು. ನೀರಿನ ಚೊಂಬನ್ನು ಪಕ್ಕದಲ್ಲಿಟ್ಟಳು. ಕಂಬಳಿಯನ್ನು ಅವನ ಭುಜದ ಮೇಲೆ ಎಳೆದು ಸರಿಮಾಡಿದಳು. ಬಾಗಿ, ಬೆರಳ ಗಂಟಿನಿಂದ ಅವನ ತಲೆಯ ಮೇಲೆ ಮೆಲ್ಲಗೆ ಒಮ್ಮೆ ತಟ್ಟಿದಳು, ಬಿರುಕು ಬಿಟ್ಟಿದೆಯೇನೋ ಎಂದು ಮಡಕೆಯನ್ನು ತಟ್ಟಿ ನೋಡುವಂತೆ. ಅವನು ಅಲುಗಲಿಲ್ಲ. ಅವಳ ಹಣೆಯಲ್ಲಿ ಮತ್ತೆ ಕುಂಕುಮ ಬಂದಿರುವುದನ್ನು ದೀಪದ ಬೆಳಕಿನಲ್ಲಿ, ರೆಪ್ಪೆ ಬಡಿಯದೆ, ನೋಡಿದ.

ಗುರುಗಳು ಕತೆ ಮುಗಿಸಿದರು. ಗುರುಪಾದನ ಕೈಯಲ್ಲಿ ಬತ್ತಿ ಅರ್ಧ ಹೊಸೆದಂತೆಯೇ ಇತ್ತು.

"ಗುರುಗಳೇ, ಅವನು ಜೀವವಿರುವ ಮನುಷ್ಯ, ಅದು ಚಿಂದಿ ತುಂಬಿದ ಬೊಂಬೆ" ಎಂದು ಅವನು ಕೊನೆಗೆ ಕೇಳಿದ. "ಒಂದು ಮಾತೂ ಆಡದ, ಒಂದು ಕೆಲಸವನ್ನೂ ಮಾಡದ ಅದು ಅವರಿಗೆ ಅಷ್ಟು ಬೇಕಾದದ್ದು ಹೇಗೆ? ಅದು ಮಾಡಿದ್ದಾದರೂ ಏನು?"

ಗುರುಗಳು ಹೇಳಿದರು: "ಅದು ಎದ್ದು ಹೋಗಲಿಲ್ಲ."