ದಿವಾಳಿ ಅರ್ಜಿಯ ಮೊದಲ ಹೆಸರು

ಕೋರ್ಟಿನ ಮುಂದೆ ಕೂತು ಬೇರೆಯವರ ದಿವಾಳಿ ಅರ್ಜಿ ಟೈಪು ಮಾಡುತ್ತಿದ್ದ ಗುಮಾಸ್ತನೊಬ್ಬ ಕೊನೆಗೆ ತನ್ನದನ್ನೂ ಟೈಪು ಮಾಡಿದ. ಹೆಂಡತಿಯ ಆಪರೇಷನ್ನಿಗೆ ತಂದ ಸಾಲ ಮನೆಯ ಬೆಲೆಯನ್ನು ಮುಟ್ಟಿತ್ತು. ಅರ್ಜಿ ಹಾಕಲೋ ಬೇಡವೋ ಎಂದು ಯೋಚಿಸುತ್ತಿದ್ದಾಗ, ಮಟಮಟ ಮಧ್ಯಾಹ್ನ, ಸಾಲ ಕೊಟ್ಟಿದ್ದ ಸಾಹುಕಾರ ಗುರುಶಾಂತಪ್ಪ ಮನೆಗೇ ಬಂದ.

“ನೀನು ದಿವಾಳಿ ಅಂದ್ರೆ ನನಗೆ ಸಿಗೋದು ಚಿಲ್ಲರೆ. ಮನೆ ಬರೆದುಕೊಡು.”

“ಆಗ್ಲಿ ಸಾವ್ಕಾರ್ರೇ. ಈ ಪಟ್ಟಿ ಒಮ್ಮೆ ನೋಡಿ. ಸಾಲ ಕೊಟ್ಟವರಲ್ಲಿ ಮೊದಲ ಹೆಸರು ನಮ್ಮತ್ತೇದು. ಅವರ ನಾಲ್ಕು ಬಳೆ ಅಡವಿಟ್ಟು ತಿಂದಿದ್ದೀನಿ.”

“ಆಯಮ್ಮ ಸತ್ತು ಮೂರು ವರ್ಷ ಆಯ್ತಲ್ಲಯ್ಯಾ!”

“ಆದ್ರೂ ದಿನಾ ಈ ಹೊತ್ತಿಗೆ ಒಳಕೋಣೆಗೆ ಬಂದು ಕೇಳ್ತಾರೆ. ಮನೆ ನಿಮ್ಮದಾದ್ರೆ ನಿಮ್ಮನ್ನೇ ಕೇಳ್ತಾರೆ.”

ಸಾಹುಕಾರ ನಗಲು ಬಾಯಿ ತೆರೆದ. ಒಳಕೋಣೆಯಲ್ಲಿ ಬಳೆ ಸದ್ದಾಯಿತು, ನಿಧಾನವಾಗಿ, ನಾಲ್ಕು ಸಲ. ಅವನು ಬಡ್ಡಿ ಬಿಟ್ಟು, ಅಸಲಿಗೆ ಕಂತು ಬರೆದು, ಸಹಿ ಹಾಕಿ, ಚಪ್ಪಲಿ ಕೈಯಲ್ಲೇ ಹಿಡಿದು ಓಡಿದ.

“ಹೋದ! ಬಾರೇ ಹೊರಗೆ,” ಎಂದು ಗುಮಾಸ್ತ ನಗುತ್ತ ಹೆಂಡತಿಯನ್ನು ಕೂಗಿದ.

ಅವಳು ಗೇಟು ತೆಗೆದು ಬೀದಿಯಿಂದ ಬಂದಳು. “ಬಸ್ಸು ತಪ್ಪಿತು ಕಣ್ರೀ. ನೀವು ಹೇಳಿದ ಹಾಗೆ ಹಿತ್ತಲಿಂದ ಒಳಗೆ ಬಂದು ಬಳೆ ಆಡಿಸೋಕೆ ಆಗ್ಲೇ ಇಲ್ಲ.”

ಅರ್ಜಿ ಹರಿಯಹೋದ ಗುಮಾಸ್ತನ ಕೈ ನಿಂತಿತು. ಒಳಕೋಣೆಯ ಕಡೆ ತಿರುಗಿ ಮೆಲ್ಲಗೆ ಕೇಳಿದ:

“ಅತ್ತೆ, ನಿಮಗೂ ಕಂತಲ್ಲಿ ಆಗ್ಬಹುದಾ?”