ವೈಪರ್ ನೀರು

"ಅಜ್ಜಾ, ಆಶ್ರಮದೊಳಗೆ ಹೆಂಡ ಬಂದಿದೆ."

ಕಿರಿಯ ಶಿಷ್ಯ ಕೊಟ್ರೇಶ ಓಡುತ್ತಲೇ ಬಂದಿದ್ದ. ಕೈಯಲ್ಲೊಂದು ಪ್ಲಾಸ್ಟಿಕ್ ಕ್ಯಾನು. ಅದರೊಳಗೆ ತೆಳು ನೀಲಿ ನೀರು.

ಅಜ್ಜಾರು ಅಂಗಳದ ಬಿಸಿಲಿಗೆ ಕೂತು ಮೂಲಂಗಿ ಹೆಚ್ಚುತ್ತಿದ್ದರು. ಬಾಗಲಕೋಟೆ ಕಡೆಯಿಂದ ಹಿಮಾಲಯಕ್ಕೆ ಬಂದು, ನದಿಯ ತಿರುವಿನಲ್ಲಿ ಆ ಆಶ್ರಮ ಕಟ್ಟಿದವರು. ಅಲ್ಲಿದ್ದವರು ಹನ್ನೆರಡು ಜನ. ಜೀಪು ಒಂದೇ. ಆಸ್ಪತ್ರೆ ಮೂವತ್ತೆಂಟು ಕಿಲೋಮೀಟರ್ ಕೆಳಗೆ. ಬಸ್ಸು ದಿನಕ್ಕೊಂದೇ. ಆಪತ್ತಿಗೆ ಸುತ್ತಲಿನ ಐದು ಹಳ್ಳಿಗಳಿಗೂ ಆ ಜೀಪೇ ಗತಿ.

"ಎಲ್ಲಿ ಸಿಕ್ಕಿತು?" ಎಂದು ಅಜ್ಜಾರು ಕೇಳಿದರು.

"ಜೀಪಿನ ಸೀಟಿನ ಕೆಳಗೆ. ಮೂಸಿ ನೋಡಿ. ಸ್ಪಿರಿಟ್ಟು! ಭರಮಪ್ಪನವರದೇ ಕೆಲಸ."

ಭರಮಪ್ಪ ಜೀಪಿನ ಚಾಲಕ. ಗೋಕಾಕದವನು. ಇಪ್ಪತ್ತು ವರ್ಷ ಸೈನ್ಯದ ಲಾರಿ ಓಡಿಸಿ, ನಿವೃತ್ತನಾಗಿ, ಅಜ್ಜಾರ ಬಳಿ ಬಂದು ಹನ್ನೊಂದು ವರ್ಷವಾಗಿತ್ತು.

"ಡಬ್ಬಿ ಮೂಸಿದೆ. ಮನುಷ್ಯನನ್ನು ಮೂಸಿದೆಯಾ?"

"ಅದರ ಅಗತ್ಯವೇನು? ಹೆಂಡ ತಂದವರು ಅಂದೇ ಹೊರಡಬೇಕು. ಬಾಗಿಲ ಮೇಲೆ ನೀವೇ ಬರೆಸಿದ ನಿಯಮ."

"ಅವನನ್ನು ಕೇಳು."

"ಕುಡುಕ ನಿಜ ಹೇಳುತ್ತಾನೆಯೇ, ಅಜ್ಜಾ?"

"ಕೇಳು" ಎಂದರು ಅಜ್ಜಾರು. ಮತ್ತೆ ಮೂಲಂಗಿಗೆ ಕೈ ಹಾಕಿದರು.

ಕೊಟ್ರೇಶ ಕೇಳಿದ. ಆದರೆ ಒಬ್ಬನೇ ಹೋಗಿ ಕೇಳಲಿಲ್ಲ. ಸಂಜೆ ಪಂಕ್ತಿಯಲ್ಲಿ, ಎಲ್ಲರ ಎಲೆಗೂ ಅನ್ನ ಬಿದ್ದ ಮೇಲೆ ಕೇಳಿದ. ಅಜ್ಜಾರಿಗೆ ಒಪ್ಪತ್ತಿನ ಊಟ. ಸಂಜೆ ಪಂಕ್ತಿಗೆ ಬರುತ್ತಿರಲಿಲ್ಲ.

"ಭರಮಪ್ಪನವರೇ, ಈ ಕ್ಯಾನು ನಿಮ್ಮದೇ?"

"ಹೌದು ತಮ್ಮಾ. ಗಾಜಿಗೆ ಹಾಕೋದು."

"ಗಾಜು ಕುಡಿಯುತ್ತದೆಯೇ?"

ಯಾರೋ ನಕ್ಕರು.

"ವೈಪರ್ ನೀರಪಾ ಅದು. ಚಳಿಗಾಲದಾಗ ಬರೀ ನೀರು ಹಾಕಿದರ—"

"ಸೀಟಿನ ಕೆಳಗೆ ಯಾಕೆ ಬಚ್ಚಿಟ್ಟಿರಿ?"

"ಬಚ್ಚಿಟ್ಟಿಲ್ಲ, ಇಟ್ಟೇನಿ. ಮತ್ತ್ಯಾರರ ಕುಡಿದಾರಂತ ಬಿಳಿ ಅಂಗಿಗೆ ಹಾಕೋ ನೀಲಿ ಸೈತ ಹಾಕೇನಿ."

"ಕುಡಿಯುವವರಿಗೆ ಬಣ್ಣದ ಚಿಂತೆ ಇರುವುದಿಲ್ಲ. ಹೆಂಡ ಮುಟ್ಟಿದವರು ಈ ಸಾಲಿನಲ್ಲಿ ಕೂರಬಾರದು."

ಭರಮಪ್ಪನ ಕೈಯಲ್ಲಿ ತುತ್ತಿತ್ತು. ಅದನ್ನು ಬಾಯಿಗೆ ಹಾಕಲಿಲ್ಲ. ಎಲೆಗೂ ಇಳಿಸಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದು ಹೊರಗೆ ಹೋದ.

ಬೆಳಗಿನ ಐದಕ್ಕೆ ಕೊಟ್ರೇಶ ಕೊಟ್ಟಿಗೆಯಲ್ಲಿ ನಿಂತಿದ್ದ ಜೀಪಿನ ಬಾನೆಟ್ ಎತ್ತಿದ. ಇಂಜಿನ್ ಪಕ್ಕದ ಪುಟ್ಟ ಟ್ಯಾಂಕಿನಲ್ಲೂ ಅದೇ ನೀಲಿ ನೀರು, ಅದೇ ವಾಸನೆ. ಅದನ್ನೆಲ್ಲ ಹೊರಗೆ ಚೆಲ್ಲಿದ. ಟ್ಯಾಂಕನ್ನು ಬೂದಿ ಹಾಕಿ ಮೂರು ಸಲ ತೊಳೆದ. ನದಿಯಿಂದ ನೀರು ತಂದು, ಬಿಳಿ ಬಟ್ಟೆಯಲ್ಲಿ ಸೋಸಿ, ಮಂತ್ರ ಹೇಳುತ್ತ ಕಂಠದವರೆಗೆ ತುಂಬಿದ. ಅದು ಗಂಗೆಗೆ ಸೇರುವ ನದಿ. ಕಾಲಿನ ಪೆಡಲು ಒತ್ತಿ ನೋಡಿದ. ಗಾಜಿನ ಬುಡದ ತೂತುಗಳಿಂದ ಸ್ಫಟಿಕದಂತಹ ನೀರು ಚಿಮ್ಮಿತು. ಅವನಿಗೆ ತೃಪ್ತಿಯಾಯಿತು.

ಈ ಕೆಲಸವನ್ನು ಅವನು ಯಾರಿಗೂ ಹೇಳಲಿಲ್ಲ.

ಐದೂವರೆಗೆ ಮೇಲಿನ ಹಳ್ಳಿಯಿಂದ ಕೂಗು ಬಂತು. ಬಿಡಾರದಲ್ಲಿ ಮಲಗಿದ್ದ ರಸ್ತೆ ಕೆಲಸದ ಹೆಂಗಸೊಬ್ಬಳ ಕಾಲ ಮೇಲೆ ಬಂಡೆ ಉರುಳಿತ್ತು. ರಕ್ತ ನಿಲ್ಲುತ್ತಿರಲಿಲ್ಲ. ಭರಮಪ್ಪ ಅವಳನ್ನೂ ಅವಳ ಗಂಡನನ್ನೂ ಜೀಪಿಗೆ ಹತ್ತಿಸಿಕೊಂಡು ಹೊರಟ.

ತಿರುಗಿ ಬಂದದ್ದು ಮಧ್ಯಾಹ್ನ ಮೂರಕ್ಕೆ. ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಕೆನ್ನೆ ಸುಟ್ಟ ಹಾಗೆ ಕೆಂಪಗಿತ್ತು. ನೇರ ಅಂಗಳಕ್ಕೆ ಬಂದ.

"ನೀರು ಬದಲಿಸಿದವರು ಯಾರು?"

"ನಾನು" ಎಂದ ಕೊಟ್ರೇಶ. ತಲೆ ಎತ್ತಿಯೇ ಹೇಳಿದ.

"ಒಂದು ಮಾತು ಹೇಳಬೇಕಿತ್ತಲ್ಲಪಾ!"

"ಹೇಳಿದ್ದರೆ ಬಿಡುತ್ತಿದ್ದಿರಾ?"

ಭರಮಪ್ಪ ಅಜ್ಜಾರ ಕಡೆ ತಿರುಗಿದ.

"ಅಜ್ಜಾ, ಎದುರಿಂದ ಬಂದ ಲಾರಿ ಗಾಜಿಗೆ ಕೆಸರು ಸಿಡಿಸ್ತು. ನೀರು ಬಿಟ್ಟೆ. ಗಾಜಿನ ಮ್ಯಾಲೆ ಬಿದ್ದದ್ದ ತಡ, ಹೆಪ್ಪುಗಟ್ಟಿ ಬರ್ಫ ಆತು. ವೈಪರ್ ಆಡಿಸಿದರ ಸುಣ್ಣ ಬಳದಂಗ ಆತು. ಎಡಕ್ಕ ಗುಡ್ಡ, ಬಲಕ್ಕ ಪ್ರಪಾತ. ಹಿಂದ ಆಕಿ ನರಳಾಕತ್ಯಾಳ. ನಿಂತು ಕೆರೆದೆ. ಒಂದು ಗೇಣು ಕೆರೆಯೂದ್ರಾಗ ಆಕಿ ಸುಮ್ಮನಾಗಿಬಿಟ್ಟಳು. ಆಮ್ಯಾಲೆ ನಿಂದ್ರಲಿಲ್ಲ. ಕಿಡಕಿಯೊಳಗಿಂದ ತಲಿ ಹೊರಗ ಹಾಕಿ ಹದಿನೆಂಟು ಕಿಲೋಮೀಟರ್ ಓಡಿಸೇನಿ."

"ಬದುಕಿದಳೇ?" ಅಜ್ಜಾರು ಕೇಳಿದರು.

"ಬದುಕ್ಯಾಳ. ಇನ್ನೂ ಅರ್ಧ ತಾಸು ತಡ ಆಗಿದ್ದರ ಇಲ್ಲ ಅಂದರು ಡಾಕ್ಟರು."

ಕೊಟ್ರೇಶನ ಮುಖ ಬಿಳಿಚಿತು. ಆದರೂ ಹೇಳಿದ:

"ನಾನು ಹಾಕಿದ್ದು ಶುದ್ಧ ನೀರು, ಅಜ್ಜಾ. ಮೂರು ಸಲ ತೊಳೆದು, ಸೋಸಿ—"

ಅಜ್ಜಾರು ಎದ್ದರು. ಅವರು ಸಿಟ್ಟಾದದ್ದನ್ನು ಕೊಟ್ರೇಶ ಎಂದೂ ಕಂಡಿರಲಿಲ್ಲ.

"ನಡೆ."

ಜೀಪು ಗುಡ್ಡದ ನೆರಳಿನಲ್ಲಿ ನಿಂತಿತ್ತು. ಅಲ್ಲಿ ಹಗಲಲ್ಲೂ ಹಿಮ ಕರಗುತ್ತಿರಲಿಲ್ಲ. ಅಜ್ಜಾರು ಕೊಟ್ರೇಶನನ್ನು ಚಾಲಕನ ಸೀಟಿನಲ್ಲಿ ಕೂರಿಸಿದರು. ಪೆಡಲು ಒತ್ತಿಸಿದರು. ಚಿಮ್ಮಿದ ನೀರು ಹೆಪ್ಪುಗಟ್ಟಿ ಮುಂದಿನ ಗಾಜು ಪೂರ್ತಿ ಬೆಳ್ಳಗಾಯಿತು.

"ಏನು ಕಾಣುತ್ತದೆ?"

"ಏನೂ ಕಾಣುವುದಿಲ್ಲ."

"ಸರಿಯಾಗಿ ನೋಡು. ನಿನ್ನ ಶುದ್ಧ ನೀರು. ಕೆಸರಾದರೂ ಸಂದಿಯಲ್ಲಿ ದಾರಿ ಬಿಟ್ಟಿತ್ತು!"

ಬಾಗಿಲನ್ನು ದಢಾರನೆ ಹಾಕಿದರು. ಕತ್ತಲಾಗುವವರೆಗೂ ಕೊಟ್ರೇಶ ಆ ಗಾಜಿನ ಮುಂದೆ ಕೂತಿದ್ದ.

ಕೆಳಗಿಳಿದು ಬಂದವನು ಅಜ್ಜಾರ ಕಾಲಿಗೆ ಬಿದ್ದ.

"ತಪ್ಪಾಯಿತು. ಮೂರು ದಿನ ಉಪವಾಸ ಮಾಡುತ್ತೇನೆ. ಮೂರು ದಿನ ಮೌನ."

ಅಜ್ಜಾರು ಒಂದು ಕ್ಷಣ ಅವನನ್ನೇ ನೋಡಿದರು.

"ಮೌನವೇ?"

"ಹೌದು ಅಜ್ಜಾ. ಕಟ್ಟುನಿಟ್ಟಾಗಿ."

ಅಜ್ಜಾರು ಒಳಗೆ ಹೋದರು.

ಮೊದಲ ದಿನ ಭರಮಪ್ಪ ಊಟಕ್ಕೆ ಬರಲಿಲ್ಲ. ತನ್ನ ಕೋಣೆಯಲ್ಲೇ ರೊಟ್ಟಿ ತಟ್ಟಿಕೊಂಡ.

ಎರಡನೆಯ ದಿನ ಅವನು ಟ್ರಂಕು ಹೊರಗೆ ತೆಗೆದು ಬಟ್ಟೆ ಜೋಡಿಸತೊಡಗಿದ. ಅಜ್ಜಾರೇ ಅವನ ಕೋಣೆಗೆ ಹೋದರು.

"ಇರು ಭರಮಪ್ಪ. ನಾನು ಹೇಳುತ್ತಿದ್ದೇನೆ."

"ನೀವು ಏನೂ ಅಂದಿಲ್ಲಲ್ಲ ಅಜ್ಜಾ. ಅಂದಾವ ಅವ. ಮಿಲಿಟರ್ಯಾಗ ಬೈಸಿಕೊಂಡೇನಿ, ಹೊಡಿಸಿಕೊಂಡೇನಿ. ಅನ್ನದ ಮುಂದಿಂದ ಯಾರೂ ಎಬ್ಬಿಸಿದ್ದಿಲ್ಲ. ಹನ್ನೊಂದು ವರ್ಷ ಉಂಡ ಸಾಲಿನ್ಯಾಗಿಂದ ಕುಡುಕ ಅಂತ ಎಬ್ಬಿಸಿದ."

"ಅವನಿಗೆ ಪಶ್ಚಾತ್ತಾಪವಾಗಿದೆ."

"ನಿಮಗ ಹೇಳ್ಯಾನೇನು?"

"ಹೇಳಿದ."

"ನನಗ ಹೇಳಿಲ್ಲ. ನಿನ್ನಿ ಬಾವಿ ಕಡೆ ಎದುರಾ ಎದುರ ಸಿಕ್ಕ. ಕಣ್ಣು ಮುಚ್ಚಿಕೊಂಡು ಹ್ವಾದ, ದೊಡ್ಡ ಋಷಿ ಆದಂಗ! ಅವನ ಮೌನ ಅವಗ ಪುಣ್ಯ ತರ್ತದ. ನನಗೇನು ತರ್ತದ?"

ಅಜ್ಜಾರು ಕೋಣೆಯಿಂದ ಹೊರಗೆ ಬಂದರು.

ಮೂರು ದಿನವೂ ಕೊಟ್ರೇಶ ಕೈಕಟ್ಟಿ ಕೂರಲಿಲ್ಲ. ಜಪದ ನಡುವೆ ಜೀಪಿನ ಟ್ಯಾಂಕನ್ನು ಬಿಚ್ಚಿ ತಂದು ಒಲೆಯ ಬಳಿ ಇಟ್ಟ. ಒಳಗಿನ ಬರ್ಫದ ಗಡ್ಡೆ ಕರಗಿದ ಮೇಲೆ ಚೆಲ್ಲಿ ಒಣಗಿಸಿದ. ಕೊಟ್ಟಿಗೆಯಲ್ಲಿ ಭರಮಪ್ಪನ ಸ್ಪಿರಿಟ್ ಬಾಟಲಿ ಇತ್ತು. ಅರ್ಧ ಸ್ಪಿರಿಟ್, ಅರ್ಧ ನೀರು ಬೆರೆಸಿದ. ಎರಡು ಹನಿ ನೀಲಿ ಹಾಕಿದ. ಒಂದು ಬಟ್ಟಲಲ್ಲಿ ಅದನ್ನಿಟ್ಟ, ಇನ್ನೊಂದರಲ್ಲಿ ಬರೀ ನೀರು. ಎರಡನ್ನೂ ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ನೋಡಿದ. ನೀರು ಕಲ್ಲಾಗಿತ್ತು. ನೀಲಿ ಅಲುಗುತ್ತಿತ್ತು. ಟ್ಯಾಂಕನ್ನು ಮತ್ತೆ ಕೂರಿಸಿ, ಆ ನೀಲಿಯನ್ನು ಭರ್ತಿ ತುಂಬಿದ.

ನಾಲ್ಕನೆಯ ದಿನ ಬೆಳಿಗ್ಗೆ ಅವನ ಮೌನ ಮುಗಿಯಿತು. ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಅಜ್ಜಾರ ಬಳಿ ಬಂದ.

"ಮುಗಿಯಿತು ಅಜ್ಜಾ. ವ್ರತವೂ ಮುಗಿಯಿತು, ಜೀಪೂ ಸರಿಯಾಯಿತು. ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿಳಿದರೂ ಇನ್ನು ಹೆಪ್ಪುಗಟ್ಟುವುದಿಲ್ಲ. ಪರೀಕ್ಷೆ ಮಾಡಿದ್ದೇನೆ."

"ಅಳತೆ ಯಾರು ಹೇಳಿದರು?"

"ಯಾರನ್ನೂ ಕೇಳಲಿಲ್ಲ. ಮೌನದಲ್ಲಿದ್ದೆನಲ್ಲ. ನಾನೇ ಕಂಡುಕೊಂಡೆ."

"ತೋರಿಸು."

ಅಜ್ಜಾರು ಜೀಪು ಹತ್ತಿ ಕೂತು ಪೆಡಲು ಒತ್ತಿದರು. ಗಾಜು ಒಣಗಿಯೇ ಇತ್ತು. ಮತ್ತೆ ಒತ್ತಿದರು. ಒಂದು ಹನಿಯೂ ಇಲ್ಲ.

"ಆಗಲು ಸಾಧ್ಯವಿಲ್ಲ!" ಕೊಟ್ರೇಶ ಬಾನೆಟ್ ಎತ್ತಿದ. ಟ್ಯಾಂಕು ನೀಲಿಯಿಂದ ತುಂಬಿತ್ತು. "ನೋಡಿ, ಭರ್ತಿ ಇದೆ."

"ಇದೆ."

ಕೊಟ್ರೇಶ ಟ್ಯಾಂಕಿನಿಂದ ಗಾಜಿನತ್ತ ಹೋಗುವ ಸಣ್ಣ ಕೊಳವೆಯನ್ನು ಬೆರಳಿನಿಂದ ಹಿಂಡುತ್ತ ಹೋದ. ಒಂದು ಗೇಣಿನ ಮುಂದೆ ಅದು ಕಡ್ಡಿಯಂತೆ ಗಟ್ಟಿಯಾಗಿತ್ತು. ಒಳಗೆ ನೀಲಿಯಿರಲಿಲ್ಲ. ಬಣ್ಣವಿಲ್ಲದ ಬರ್ಫವಿತ್ತು.

"ಕೊಳವೆಯಲ್ಲಿ ಅವತ್ತಿನ ನೀರೇ ಉಳಿದಿದೆ" ಎಂದ. ಅವನ ದನಿಯಲ್ಲಿ ಅಸಮಾಧಾನವಿತ್ತು. "ಅಷ್ಟೇ ಅಜ್ಜಾ. ಟ್ಯಾಂಕಿನಲ್ಲಿ ಏನೂ ದೋಷವಿಲ್ಲ."

ಅಜ್ಜಾರು ಸೀಟಿನಿಂದ ಇಳಿಯಲಿಲ್ಲ.

"ಭರಮಪ್ಪನಿಗೆ ಏನು ಹೇಳಿದೆ?"

"ಮನಸ್ಸಿನಲ್ಲಿ ನೂರು ಸಲ ಕ್ಷಮೆ ಕೇಳಿದ್ದೇನೆ. ಮೂರು ದಿನ ಅನ್ನ ಮುಟ್ಟಿಲ್ಲ. ನನ್ನೊಳಗೆ ಅವರ ಮೇಲೆ ಒಂದು ಚೂರೂ ಕಹಿಯಿಲ್ಲ. ಇನ್ನೇನು ಮಾಡಬೇಕು ಅಜ್ಜಾ? ನೀವೇ ಹೇಳಿ!"

ಅಜ್ಜಾರು ಇನ್ನೊಮ್ಮೆ ಪೆಡಲು ಒತ್ತಿದರು. ಒಣಗಿದ ಗಾಜನ್ನೇ ನೋಡುತ್ತ ಹೇಳಿದರು:

"ಅವನ ಬಸ್ಸು ಹತ್ತು ಗಂಟೆಗೆ."